ನಾಲ್ಕನೆಯ ಪುಟ

ಶಿರಸಿ
ಜೂನ್ 3, 2024

ಉಲ್ಲಾಸ ಅವರಿಗೆ,

ನೀವು ನನ್ನ ನಂಬರ್ ಬ್ಲಾಕ್ ಮಾಡಿದ್ದೀರಿ. ಅಂಚೆಯಲ್ಲಿ ಆ ಸೌಲಭ್ಯ ಇಲ್ಲದ್ದರಿಂದ ಪತ್ರ ಬರೆಯುತ್ತಿದ್ದೇನೆ. ವಿಳಾಸ ಕೊಟ್ಟವರು ನಮ್ಮ ಚರ್ಚಿನ ಅಯ್ಯನವರು. "ಯಲ್ಲಾಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿದ್ದಾನೆ. ಅವನನ್ನ ಅವನ ಪಾಡಿಗೆ ಬಿಟ್ಟುಬಿಡಮ್ಮ" ಎಂದರು. ಮೊದಲನೆಯ ಮಾತನ್ನು ಮಾತ್ರ ಬರೆದುಕೊಂಡೆ.

ನಡೆದದ್ದು ಏನೆಂಬುದರಲ್ಲಿ ನಮ್ಮಿಬ್ಬರಿಗೂ ಗೊಂದಲ ಇರಬಾರದು. ಜನವರಿ 21, ಆದಿತ್ಯವಾರ. ನಿಮ್ಮ ಮತ್ತು ರಕ್ಷಿತಾಳ ಮದುವೆಯ ಪ್ರಕಟಣೆಯನ್ನು ಅಯ್ಯನವರು ಎರಡನೆಯ ಸಾರಿ ಓದಿದರು. ಈ ಮದುವೆಗೆ ಅಡ್ಡಿ ಏನಾದರೂ ತಿಳಿದವರು ಈಗಲೇ ಹೇಳಬೇಕು ಎಂದು ಕೇಳಿದರು. ಪ್ರತಿ ಮದುವೆಗೂ ಮೂರು ವಾರ ಹೀಗೆ ಕೇಳುತ್ತಾರೆ, ಯಾರೂ ಏಳುವುದಿಲ್ಲ. ನಾನು ಎದ್ದೆ. ನನ್ನ ಕೈಯಲ್ಲಿ 'ಒಬ್ಬ ಸಹೋದರನ ಸಾಕ್ಷಿ' ಎಂಬ ನಾಲ್ಕು ಪುಟದ ಕರಪತ್ರ ಇತ್ತು. ಕುಡಿತ ಬಿಡಿಸುವ ಶಿಬಿರದವರು ಹಂಚಿದ್ದು. ಬರೆದವನ ಹೆಸರು ಅದರಲ್ಲಿ ಇರಲಿಲ್ಲ. ಏಳು ವರ್ಷ ಕುಡಿದದ್ದು, ಅಜ್ಜನ ಹಾರ್ಮೋನಿಯಂ ಮಾರಿದ್ದು, ಅಮಲಿನಲ್ಲಿ ಬೆಸುಗೆ ಹಾಕುವ ಕಾದ ಸೋಲ್ಡರ್ ಕಡ್ಡಿ ಹಿಡಿದು ಎಡಗೈ ಸುಟ್ಟುಕೊಂಡದ್ದು ಎಲ್ಲ ಇತ್ತು. ಗಾಯನ ತಂಡದಲ್ಲಿ ನಿಮ್ಮ ಕೈಗೆ ಹಾಡಿನ ಪುಸ್ತಕ ಕೊಡುವಾಗ ಆ ಸುಟ್ಟ ಕಲೆಯನ್ನು ನೋಡಿದ್ದೆ. ರಕ್ಷಿತಾ ನನ್ನ ಗೆಳತಿ. ಅವಳಿಗೆ ಸತ್ಯ ತಿಳಿಯಬೇಕಿತ್ತು. ಎಲ್ಲರ ಎದುರು ಗಟ್ಟಿಯಾಗಿ ಓದಿದೆ.

ನಾನು ಮಾಡಿದ್ದು ಸರಿ ಎಂದು ಈಗಲೂ ನಂಬಿದ್ದೇನೆ. ಆದರೆ ಆ ದಿನದಿಂದ ನಾನು ಕರ್ತನ ಭೋಜನಕ್ಕೆ ಹೋಗಿಲ್ಲ. ಸಹೋದರನಿಗೆ ನಿನ್ನ ಮೇಲೆ ಬೇಸರ ಇದ್ದರೆ ಮೊದಲು ಅವನ ಹತ್ತಿರ ಹೋಗು, ಆಮೇಲೆ ಬಲಿಪೀಠಕ್ಕೆ ಬಾ ಎಂಬ ಬೈಬಲ್ಲಿನ ಮಾತನ್ನು ನಾನು ಅಕ್ಷರಶಃ ನಂಬುವವಳು. ತಿಂಗಳ ಮೊದಲ ಆದಿತ್ಯವಾರ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಎಲ್ಲರೂ ಎದ್ದು ಮುಂದೆ ಹೋಗುತ್ತಾರೆ, ನಾನು ಬೆಂಚಿನ ಮೇಲೆ ಒಬ್ಬಳೇ. ನಿನ್ನೆಗೆ ಐದು ತಿಂಗಳು. ಆ ದಿನ ಮನೆಗೆ ಬಂದ ಮೇಲೆ ಅಮ್ಮ ನನ್ನ ಜೊತೆ ಮಾತಾಡುವುದಿಲ್ಲ.

ಆದ್ದರಿಂದ ಇದರ ಜೊತೆ ಒಂದು ಕಾಗದ ಇಟ್ಟಿದ್ದೇನೆ. ಕೋರ್ಟಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ನನಗೆ ಕೆಲಸ, ನಾನೇ ಟೈಪ್ ಮಾಡಿದ್ದು. ಓದಿ, ಕೆಳಗೆ ಸಹಿ ಮಾಡಿ, ಅಂಚೆಚೀಟಿ ಹಚ್ಚಿದ ಲಕೋಟೆಯಲ್ಲಿ ಕಳಿಸಿ.

ಸ್ಫೂರ್ತಿ


ಯಲ್ಲಾಪುರ
ಜೂನ್ 19, 2024

ಸ್ಫೂರ್ತಿ ಅವರಿಗೆ,

ಲಕೋಟೆ ಉಪಯೋಗಿಸಿದ್ದೇನೆ. ಕಾಗದಕ್ಕೆ ಸಹಿ ಮಾಡಿಲ್ಲ.

"ಸದರಿ ಉಲ್ಲಾಸನಾದ ನಾನು ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಸ್ಥ ಮನಸ್ಸಿನಿಂದ, ಸದರಿ ಸ್ಫೂರ್ತಿಯವರನ್ನು ಕ್ಷಮಿಸಿರುತ್ತೇನೆ." ನಮ್ಮ ಅಂಗಡಿಯ ಮಾಲೀಕರು ದ್ಯಾಮಪ್ಪನವರು, ಹಾವೇರಿ ಕಡೆಯವರು. ಇದನ್ನು ಎರಡು ಸಲ ಓದಿಸಿಕೊಂಡು ಕೇಳಿದರು: "ಯಾರಪಾ ಈಕಿ? ಜಮೀನ್ ಬರಸ್ಕೊಳ್ಳಾಕ ಹತ್ಯಾಳೇನು?"

ನಿಮಗೆ ಬಯ್ಯಬೇಕೆಂದು ಕೂತೆ. ಬರಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ನನ್ನ ಸಾಕ್ಷಿ ಇದ್ದದ್ದು ನಾಲ್ಕು ಪುಟ. ನೀವು ಅವತ್ತು ಓದಿದ್ದು ಮೂರು. ನಾಲ್ಕನೆಯದನ್ನು ಯಾಕೆ ಬಿಟ್ಟಿರಿ?

ಉಲ್ಲಾಸ


ಶಿರಸಿ
ಜೂನ್ 22, 2024

ಉಲ್ಲಾಸ ಅವರಿಗೆ,

ಅಯ್ಯನವರು "ಸಾಕು, ಕೂತ್ಕೊಳ್ಳಮ್ಮ" ಎಂದರು. ಕೂತೆ. ಅದಕ್ಕೇ ನಾಲ್ಕನೆಯ ಪುಟ ಉಳಿಯಿತು. ಇದರಲ್ಲಿ ಬೇರೆ ಅರ್ಥ ಹುಡುಕಬೇಕಾಗಿಲ್ಲ.

ನೀವು ನಗುತ್ತಿದ್ದೀರಿ. ನಗಿ. ನನ್ನ ಅಪ್ಪ ಮೂವತ್ತು ವರ್ಷ ಸೈಕಲ್ ಮೇಲೆ ಕರಪತ್ರ ಹಂಚಿದವರು, ಶಿರಸಿಯಿಂದ ದಾಸನಕೊಪ್ಪದವರೆಗೆ. ಉಳಿದದ್ದೆಲ್ಲ ಮನೆಯ ಮಂಚದ ಕೆಳಗೆ ಇರುತ್ತಿತ್ತು. ನಾನು ಓದು ಕಲಿತದ್ದೇ ಅದರಲ್ಲಿ. ಹೆಂಡದ ವಿರುದ್ಧ, ವರದಕ್ಷಿಣೆಯ ವಿರುದ್ಧ, ಕೂಲಿಯವರ ಹಕ್ಕು, ಹೆಣ್ಣುಮಕ್ಕಳ ಹಕ್ಕು. ಜನ ಬಸ್ ಹತ್ತುವ ಮೊದಲೇ ಎಸೆದುಬಿಡುವ ಕಾಗದಗಳನ್ನು ನಾನು ಬಾಯಿಪಾಠ ಮಾಡಿದ್ದೇನೆ. ಸಣ್ಣ ಕಾಗದದಲ್ಲಿ ಬರೆದದ್ದನ್ನೂ ನಂಬಿ ನಡೆಯಬೇಕು ಎಂದು ಅಪ್ಪ ಹೇಳುತ್ತಿದ್ದರು. ಅವರು ಹೋಗಿ ನಾಲ್ಕು ವರ್ಷ. ಆ ಮಾತನ್ನು ಹಿಡಿದುಕೊಂಡೇ ಇದ್ದೇನೆ.

ಕ್ಷಮೆಯ ಬಗ್ಗೆ ನಿಮಗೆ ಸಿನಿಮಾದಂಥ ಕಲ್ಪನೆ ಇರಬಹುದು. ಈಗ ಅಂಗಡಿಯಲ್ಲಿ ನಿವೃತ್ತ ಟೀಚರೊಬ್ಬರ ಕಾದಂಬರಿ ಟೈಪ್ ಮಾಡುತ್ತಿದ್ದೇನೆ. ಕ್ರೈಸ್ತ ಕುಟುಂಬಗಳಿಗಾಗಿ ಪ್ರೇಮಕಥೆಯಂತೆ. ನಾಯಕ ಡಾಕ್ಟರು, ಕುಡಿಯುತ್ತಾನೆ, ನಾಯಕಿಯನ್ನು ಬಿಟ್ಟು ಹೋಗುತ್ತಾನೆ. ಇನ್ನೂರ ಹನ್ನೊಂದು ಪುಟ ಅವಳು ಕಷ್ಟಪಡುತ್ತಾಳೆ. ಇನ್ನೂರ ಹನ್ನೆರಡನೆಯ ಪುಟದಲ್ಲಿ ಅವನು ಆಸ್ಪತ್ರೆಯ ವರಾಂಡದಲ್ಲಿ ಬಂದು ನಿಲ್ಲುತ್ತಾನೆ, ಅವಳು ಮೂರು ಸಾಲಿನಲ್ಲಿ ಕ್ಷಮಿಸುತ್ತಾಳೆ. ಮೂರೇ ಸಾಲು! ನಾನು ಟೀಚರಿಗೆ ನೇರವಾಗಿ ಹೇಳಿದೆ.

"ಇದು ಸುಳ್ಳು, ಟೀಚರ್. ಹೀಗೆಲ್ಲ ಯಾರೂ ಕ್ಷಮಿಸೂದಿಲ್ಲ."

"ನೀನು ಯಾರನ್ನಾದ್ರೂ ಕ್ಷಮಿಸಿದ್ದೀಯೇನೆ?"

"ಇಲ್ಲ."

"ಹಾಗಾದ್ರೆ ಸುಮ್ಮನೆ ಟೈಪ್ ಮಾಡು."

ಟೈಪ್ ಮಾಡಿದೆ. ಆದರೆ ಒಪ್ಪಿಲ್ಲ. ಕ್ಷಮೆ ಎಂದರೆ ತಪ್ಪು ಯಾವುದು, ಯಾರದು, ಎಷ್ಟು ಎಂದು ಇಬ್ಬರೂ ಕೂತು ಒಪ್ಪಿಕೊಂಡು ಮಾಡುವ ಕೆಲಸ. ಅದಕ್ಕೇ ಕಾಗದ ಕಳಿಸಿದ್ದು. ಇನ್ನೊಂದು ಪ್ರತಿ ಇಟ್ಟಿದ್ದೇನೆ. 'ಸದರಿ' ತೆಗೆದಿದ್ದೇನೆ.

ಸ್ಫೂರ್ತಿ


ಯಲ್ಲಾಪುರ
ಜುಲೈ 28, 2024

ಸ್ಫೂರ್ತಿ ಅವರಿಗೆ,

ತಡವಾಯಿತು. ಮಳೆಗಾಲದಲ್ಲಿ ಕರೆಂಟು ಹೋಗುವುದು, ಬರುವುದು, ಬಂದಾಗ ಒಮ್ಮೆಲೇ ಜೋರಾಗಿ ಬರುವುದು. ತಾಲ್ಲೂಕಿನ ಸುಟ್ಟ ಮೋಟಾರೆಲ್ಲ ನಮ್ಮ ಅಂಗಡಿಯ ಮುಂದೆ ಸಾಲಾಗಿ ಕೂತಿರುತ್ತದೆ, ಆಸ್ಪತ್ರೆಯ ಹೊರಗೆ ರೋಗಿಗಳು ಕೂತ ಹಾಗೆ.

ಈ ಕೆಲಸ ನಿಮಗೆ ಇಷ್ಟವಾಗಬಹುದು. ಇದರಲ್ಲಿ ಅಂದಾಜಿಗೆ ಜಾಗ ಇಲ್ಲ. ಸುಟ್ಟ ತಂತಿಗೆ ತೇಪೆ ಹಾಕಲು ಬರುವುದಿಲ್ಲ. ಎಲ್ಲ ಕತ್ತರಿಸಿ ತೆಗೆಯಬೇಕು. ತೆಗೆಯುವಾಗ ಎಷ್ಟು ಸುತ್ತು ಇತ್ತು ಎಂದು ಎಣಿಸಿಕೊಳ್ಳಬೇಕು. ಹೊಸ ತಾಮ್ರವನ್ನು ಅಷ್ಟೇ ಸುತ್ತು ಸುತ್ತಿ, ವಾರ್ನಿಶ್ ಹಚ್ಚಿ, ಒಣಗಲು ಬಿಡಬೇಕು. ಗಿರಾಕಿಗಳು ಒಣಗುವ ತನಕ ಕಾಯುವುದಿಲ್ಲ. "ಇವತ್ತೇ ಕೊಡು" ಅನ್ನುತ್ತಾರೆ. ದ್ಯಾಮಪ್ಪನವರು ಅವರಿಗೆ ಹೇಳುವುದು ಒಂದೇ: "ಇವತ್ತ ಒಯ್ರಿ, ನಾಳೆ ಮತ್ತ ಹೊತ್ಕೊಂಡ್ ಬರ್ರಿ." ನಿಮ್ಮ ಪತ್ರ ಬಂದರೆ ಅವರು ದೂರದಿಂದಲೇ ಕೂಗುತ್ತಾರೆ: "ಏ ಉಲ್ಲಾಸ, ನಿನ್ನ ನೋಟೀಸ್ ಬಂತ ನೋಡಪಾ!"

ಒಂದು ವಿಷಯ ಹೇಳಬೇಕೋ ಬೇಡವೋ ಎಂದು ಒಂದು ತಿಂಗಳು ಯೋಚಿಸಿದೆ. ತಪ್ಪು ಯಾರದು, ಎಷ್ಟು ಎಂದು ಇಬ್ಬರೂ ಒಪ್ಪಬೇಕು ಎಂದು ನೀವೇ ಬರೆದಿದ್ದೀರಿ. ಹಾಗಾಗಿ ಹೇಳುತ್ತೇನೆ.

ರಕ್ಷಿತಾಗೆ ಎಲ್ಲ ಗೊತ್ತಿತ್ತು. ನಿಶ್ಚಯಕ್ಕೆ ಮೊದಲೇ, ನಿಮ್ಮ ಅಂಗಡಿಯ ಹತ್ತಿರದ ಬೇಕರಿಯಲ್ಲಿ ಕೂತು, ಆ ಕರಪತ್ರವನ್ನು ನಾನೇ ಅವಳ ಕೈಗೆ ಕೊಟ್ಟಿದ್ದೆ. ನಾಲ್ಕೂ ಪುಟ ಓದಿದಳು. "ಅಪ್ಪನಿಗೆ ನಿಧಾನಕ್ಕೆ ನಾನೇ ಹೇಳ್ತೇನೆ, ಮದುವೆ ಆಗ್ಲಿ" ಎಂದಳು. ಅವಳ ಅಪ್ಪ ಕೆಟ್ಟವರಲ್ಲ. ಮಗಳು ಪಕ್ಕದಲ್ಲಿ ಕೂತು ಹೇಳಿದ್ದರೆ ಅವರು ಒಪ್ಪುತ್ತಿದ್ದರೋ ಏನೋ. ಇನ್ನೂರು ಜನರ ಎದುರು ಕೇಳಿದ ಮೇಲೆ ಅವರಿಗೆ ಒಪ್ಪಲು ದಾರಿ ಉಳಿಯಲಿಲ್ಲ.

ನಿಮ್ಮನ್ನು ನೋಯಿಸಲು ಇದನ್ನು ಬರೆದದ್ದಲ್ಲ. ನಾನು ಚೆನ್ನಾಗಿದ್ದೇನೆ. ಕುಡಿತ ಬಿಟ್ಟು ಈ ತಿಂಗಳಿಗೆ ಮೂರು ವರ್ಷ ತುಂಬಿತು. ರಕ್ಷಿತಾ ಮೇ ತಿಂಗಳಲ್ಲಿ ಸಿದ್ದಾಪುರದ ಸುಜಯನನ್ನು ಮದುವೆಯಾದಳು ಎಂದು ಕೇಳಿದೆ. ಒಳ್ಳೆಯ ಹುಡುಗನಂತೆ.

ಆ ಡಾಕ್ಟರು ವರಾಂಡದಲ್ಲಿ ಏನು ಹೇಳಿದ? ಬರೆಯಿರಿ.

ಉಲ್ಲಾಸ


ಶಿರಸಿ
ಆಗಸ್ಟ್ 2, 2024

ಉಲ್ಲಾಸ ಅವರಿಗೆ,

ನಿಮ್ಮ ಪತ್ರ ಸಿಕ್ಕಿತು.

ನಾನು ಕೇಳಿದ್ದನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ಆ ಕಾಗದ ಹರಿದುಹಾಕಿ. ಮೂರು ವರ್ಷ ತುಂಬಿದ್ದು ಓದಿ ಸಂತೋಷವಾಯಿತು. ನಾನು ಕೆಡಿಸದೆ ಬಿಟ್ಟದ್ದು ಅದೊಂದಾದರೂ ಇದೆ.

ಸ್ಫೂರ್ತಿ


ಯಲ್ಲಾಪುರ
ಆಗಸ್ಟ್ 20, 2024

ಸ್ಫೂರ್ತಿ ಅವರಿಗೆ,

ಆ ನಾಲ್ಕು ಸಾಲಿನ ಪತ್ರ ನೋಡಿ ಗಾಬರಿಯಾಯಿತು. ನೀವು ಅಷ್ಟು ಕಡಿಮೆ ಬರೆಯುವವರಲ್ಲ. ದ್ಯಾಮಪ್ಪನವರೂ "ಯಾಕಪಾ, ನೋಟೀಸ್ ಇಷ್ಟ ಸಣ್ಣದಾತು?" ಎಂದರು.

ನಾನು ಹಾಗೆ ಬರೆಯಬಾರದಿತ್ತು. ನಿಮಗೆ ಇದು ಮನಸ್ಸಾಕ್ಷಿಯ ಪ್ರಶ್ನೆ, ಒಂದು ಕರ್ತವ್ಯ ಮುಗಿಸಿ ಹಗುರವಾಗಬೇಕು ಎಂದು ಬರೆದವರು ನೀವು. ನಾನು ಅದರ ಮೇಲೆ ಇನ್ನಷ್ಟು ಭಾರ ಹೇರಿದೆ. ನಿಮ್ಮ ಕಾಗದ ಹರಿದಿರಲಿಲ್ಲ. ಇದೋ, ಸಹಿ ಹಾಕಿದ್ದೇನೆ. 'ಸದರಿ' ಇಲ್ಲದ್ದಕ್ಕೆ. ಮೊದಲ ಆದಿತ್ಯವಾರ ಎದ್ದು ಮುಂದೆ ಹೋಗಿ. ಅಮ್ಮ ಮಾತಾಡಲಿ.

ಇನ್ನು ನನಗೆ ಬರೆಯಬೇಕಾದ ಅಗತ್ಯ ನಿಮಗಿಲ್ಲ. ಕಾದಂಬರಿ ಮುದ್ರಣವಾದರೆ ಒಂದು ಪ್ರತಿ ಕಳಿಸಿದರೆ ಸಾಕು.

ಉಲ್ಲಾಸ


ಶಿರಸಿ
ಸೆಪ್ಟೆಂಬರ್ 8, 2024

ಉಲ್ಲಾಸ ಅವರಿಗೆ,

ಸಹಿ ಹಾಕಿದ ಕಾಗದವನ್ನು ವಾಪಸ್ಸು ಕಳಿಸುತ್ತಿದ್ದೇನೆ. ಕಳೆದ ಆದಿತ್ಯವಾರ ಅದು ನನ್ನ ಬೈಬಲ್ಲಿನೊಳಗೇ ಇತ್ತು. ಎಲ್ಲರೂ ಎದ್ದರು. ನನಗೆ ಏಳಲಾಗಲಿಲ್ಲ. ಯಾಕೆ ಎಂದು ಈ ಪತ್ರದ ಕೊನೆಯಲ್ಲಿ ಬರೆಯುತ್ತೇನೆ. ಮೊದಲೇ ಬರೆದರೆ ಉಳಿದದ್ದನ್ನು ಬರೆಯುವ ಧೈರ್ಯ ಇರುವುದಿಲ್ಲ.

ನಿನ್ನೆ ಸಿದ್ದಾಪುರಕ್ಕೆ ಹೋಗಿದ್ದೆ. ತಿಂಗಳುಗಟ್ಟಲೆ ನಿಮ್ಮ ಸಹಿಗಾಗಿ ಜಗಳವಾಡಿದ ನನಗೆ, ರಕ್ಷಿತಾಳ ಹತ್ತಿರ ಹೋಗಬೇಕೆಂದು ಒಂದು ದಿನವೂ ಅನ್ನಿಸಿರಲಿಲ್ಲ. ಅವಳಿಗೆ ಉಪಕಾರ ಮಾಡಿದ್ದೇನೆ ಎಂದೇ ತಿಳಿದಿದ್ದೆ. ಬಾಗಿಲು ತೆಗೆದವಳೇ ಕೈಗೆ ಮೆತ್ತಿದ ಹಿಟ್ಟನ್ನೂ ಒರೆಸಿಕೊಳ್ಳದೆ ನಿಂತಳು.

"ಈಗ ಎಂತ ಓದ್ಲಿಕ್ಕೆ ಬಂದೆ? ಸುಜಯ ಸಣ್ಣವನಿದ್ದಾಗ ಪೇರಲೆಹಣ್ಣು ಕದ್ದಿದ್ದಾನೆ. ಅದೂ ಪ್ರಿಂಟಾಗಿ ಬಂತಾ?"

"ನಿನ್ನ ಹತ್ರ ಕ್ಷಮೆ ಕೇಳ್ಲಿಕ್ಕೆ ಬಂದೆ."

"ಎಂಟು ತಿಂಗಳಿಗೆ ನೆನಪಾಯ್ತಾ ಮಾರಾಯ್ತಿ?"

"ನಿಂಗೆ ಗೊತ್ತಿತ್ತು ಅಂತ ನಂಗೆ ಗೊತ್ತಿರ್ಲಿಲ್ಲ."

"ಕೇಳಿದ್ದಿದ್ರೆ ಗೊತ್ತಾಗ್ತಿತ್ತು. ನಮ್ಮ ಮನೆಗೂ ನಿಮ್ಮ ಮನೆಗೂ ನಡುವೆ ಒಂದು ಪೆಟ್ಟಿಗೆ ಅಂಗಡಿ ಇತ್ತು, ಸಮುದ್ರ ಅಲ್ಲ."

ಅವಳು ಒಳಗೆ ಹೋದಳು, ನಾನು ಹಿಂದೆಯೇ ಹೋದೆ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ, ನನ್ನ ಮುಖ ನೋಡದೆ ಹೇಳಿದಳು: "ಅಪ್ಪ ಆರು ದಿನ ಊಟ ಮಾಡಿರ್ಲಿಲ್ಲ, ಗೊತ್ತಾ? ನಾನು ಅಳ್ಲಿಲ್ಲ. ನಂಗೆ ಸಿಟ್ಟು ಬಂದದ್ದು ನೀನು ಓದಿದ್ದಕ್ಕಲ್ಲ. ಓದುವಾಗ ನೀನು ಅಯ್ಯನೋರ ಕಡೆ ನೋಡ್ಲಿಲ್ಲ, ನನ್ನ ಕಡೆನೂ ನೋಡ್ಲಿಲ್ಲ. ಪೂರಾ ಹೊತ್ತು ಅವನ ಕಡೆನೇ ನೋಡ್ತಿದ್ದೆ. ಅವತ್ತೇ ತಿಳೀತು ನಂಗೆ. ನಿಂಗೆ ಯಾವಾಗ ತಿಳೀತು?"

ನಾನು ಹಿಟ್ಟಿನ ಪಾತ್ರೆಯನ್ನು ಅವಳ ಹತ್ತಿರ ಸರಿಸಿದೆ.

"ಅವನಿಗೆ ಹೇಳಿದ್ಯಾ?"

"ಇಲ್ಲ."

"ಊರಿಗೆಲ್ಲ ಕೇಳೋ ಹಾಗೆ ಓದ್ತಾಳೆ, ಅದೊಂದು ಹೇಳ್ಲಿಕ್ಕೆ ಬಾಯಿಲ್ಲ ಇವಳಿಗೆ! ಕೂತ್ಕೋ. ತಿಂದು ಹೋಗು. ಕ್ಷಮಿಸಿದ್ದೇನೋ ಇಲ್ವೋ, ನಂಗೇ ಗೊತ್ತಿಲ್ಲ. ಹಸಿವಾಗಿದ್ದು ಮಾತ್ರ ನಿನ್ನ ಮುಖದಲ್ಲೇ ಕಾಣ್ತದೆ."

ಎರಡು ರೊಟ್ಟಿ ತಿಂದೆ. ಮೂರನೆಯದನ್ನು ಅವಳೇ ಹಾಕಿದಳು.

ಈಗ ಉಳಿದದ್ದು. ನಾಲ್ಕನೆಯ ಪುಟ ಯಾಕೆ ಬಿಟ್ಟಿರಿ ಎಂದು ಕೇಳಿದಿರಿ. ಅಯ್ಯನವರು ತಡೆದರು ಎಂದೆ. ಅವರು ತಡೆದದ್ದು ನಾನು ಮೂರನೆಯ ಪುಟ ಮುಗಿಸಿ ಕರಪತ್ರ ಮಡಚಿದ ಮೇಲೆ.

ಆ ಕರಪತ್ರ ನನಗೆ ಸಿಕ್ಕಿದ್ದು ಹೋದ ವರ್ಷ ಅಕ್ಟೋಬರಿನಲ್ಲಿ, ಹಳೆ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ. ಬರೆದದ್ದು ಯಾರೆಂದು ಗೊತ್ತಿರಲಿಲ್ಲ. ನಾಲ್ಕನೆಯ ಪುಟದಲ್ಲಿ ನೀವು ಬರೆದಿದ್ದಿರಿ: ಬೆಳಿಗ್ಗೆ ಎದ್ದ ಕೂಡಲೇ ಎದುರುಮನೆಯವರು ಅಂಗಳ ಗುಡಿಸುವ ಸದ್ದು ಕೇಳುತ್ತದೆ, ಕುಡಿಯುತ್ತಿದ್ದ ಏಳು ವರ್ಷವೂ ಅದು ನನಗೆ ಕೇಳಿಸಿರಲಿಲ್ಲ, ದೇವರು ನಿನ್ನನ್ನು ಕ್ಷಮಿಸಿದ್ದು ನಿಜವೋ ಎಂದು ಯಾರಾದರೂ ಕೇಳಿದರೆ ನನಗೆ ಪೊರಕೆಯ ಸದ್ದು ಕೇಳಿಸುತ್ತಿದೆ ಎಂದಷ್ಟೇ ಹೇಳಬಲ್ಲೆ ಎಂದು.

ನಾನು ಸಾವಿರ ಕರಪತ್ರ ಓದಿದ್ದೇನೆ. ಎಲ್ಲವೂ ನನಗೆ ಏನಾದರೂ ಮಾಡು ಎಂದು ಹೇಳಿದವು. ಇದೊಂದು ಏನನ್ನೂ ಹೇಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಬೇಗ ಎದ್ದು ಕೂತೆ, ಬೀದಿಯಲ್ಲಿ ಯಾರು ಗುಡಿಸುತ್ತಾರೆ ಎಂದು ಕೇಳಲು. ಎರಡು ತಿಂಗಳು ಹಾಗೆ ಕೇಳಿದೆ. ಇದನ್ನು ಬರೆದವನು ಎಲ್ಲಿಯಾದರೂ ಇದ್ದಾನೆ, ಒಂದು ದಿನ ಸಿಗುತ್ತಾನೆ ಎಂದುಕೊಂಡೆ. ಪ್ರೇಮಕಥೆಗಳನ್ನು ಹೀಯಾಳಿಸುವ ನನಗೆ ಆದದ್ದು ಇದು. ನಗಬೇಡಿ.

ಕ್ರಿಸ್ಮಸ್ ಹಾಡಿನ ಅಭ್ಯಾಸದ ದಿನ ನಿಮ್ಮ ಕೈ ನೋಡಿದೆ. ಅದೇ ವಾರ ನಿಮ್ಮ ನಿಶ್ಚಯದ ಸುದ್ದಿ ರಕ್ಷಿತಾಳ ಬಾಯಿಂದಲೇ ಕೇಳಿದೆ.

ನಾನು ಎದ್ದದ್ದು ಸತ್ಯಕ್ಕಾಗಿ ಎಂದು ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ನಾಲ್ಕನೆಯ ಪುಟ ಓದಿದ್ದರೆ ಸಭೆಯಲ್ಲಿ ಎಲ್ಲರೂ ನಿಮ್ಮನ್ನು ಪ್ರೀತಿಸುತ್ತಿದ್ದರು. ರಕ್ಷಿತಾಳ ಅಪ್ಪನೂ. ಅದಕ್ಕೇ ಮಡಚಿದೆ.

ನಿಮ್ಮ ಸಹಿ ಇದನ್ನು ತಿಳಿಯದೆ ಹಾಕಿದ್ದು. ಅದು ನಡೆಯುವುದಿಲ್ಲ.

ಸ್ಫೂರ್ತಿ


ಶಿರಸಿ
ಅಕ್ಟೋಬರ್ 14, 2024

ಉಲ್ಲಾಸ ಅವರಿಗೆ,

ನಿಮ್ಮಿಂದ ಉತ್ತರ ಬಂದಿಲ್ಲ. ಬರಬೇಕೆಂದು ಇದನ್ನು ಬರೆಯುತ್ತಿಲ್ಲ. ಎರಡು ಸುದ್ದಿ ಇದೆ, ಹೇಳಲು ಬೇರೆ ಯಾರೂ ಇಲ್ಲ.

ಟೀಚರ ಕಾದಂಬರಿ ಅಚ್ಚಿಗೆ ಹೋಯಿತು. ಕೊನೆಯ ಸಲ ಕರಡು ತಿದ್ದುವಾಗ ಇನ್ನೂರ ಹನ್ನೆರಡನೆಯ ಪುಟ ಬಂತು. "ಇಷ್ಟಕ್ಕೇ ಯಾಕೆ ಮುಗಿಸಿದ್ರಿ ಟೀಚರ್?" ಎಂದು ಕೇಳಿದೆ, ಈ ಸಲ ಜಗಳಕ್ಕಲ್ಲ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಆ ಮೂರು ಸಾಲು ಬರೀಲಿಕ್ಕೆ ನಂಗೆ ನಲವತ್ತು ವರ್ಷ ಹಿಡೀತು ಮಗಾ" ಎಂದರು. ಅವರ ಮನೆಯವರು ಡಾಕ್ಟರಾಗಿರಲಿಲ್ಲ, ತಹಶೀಲ್ದಾರ್ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅಷ್ಟೇ ವ್ಯತ್ಯಾಸ.

ಎರಡನೆಯದು. ಈ ತಿಂಗಳ ಆರರಂದು ನಾನು ಕರ್ತನ ಭೋಜನಕ್ಕೆ ಎದ್ದು ಹೋದೆ. ನಿಮ್ಮ ಸಹಿ ಇಲ್ಲದೆ, ರಕ್ಷಿತಾಳ ಮಾತೂ ಇಲ್ಲದೆ. ಒಂದನ್ನೂ ಸರಿ ಮಾಡದೆ ಹೋದೆ. ಇಷ್ಟು ದಿನ, ಎಲ್ಲ ತೀರಿಸಿ ತೊಳೆದ ಕೈಯಲ್ಲಿ ಹೋಗಬೇಕು ಎಂದು ಕಾದಿದ್ದೆ. ಕೈ ತೊಳೆದಾಗುವುದೇ ಇಲ್ಲ ಎಂದು ಗೊತ್ತಾದ ಮೇಲೆ ಹಾಗೇ ಚಾಚಿದೆ. ಅಯ್ಯನವರು ರೊಟ್ಟಿ ಇಟ್ಟು ಒಂದು ಕ್ಷಣ ಹೆಚ್ಚು ನಿಂತರು. ಅಷ್ಟೆ.

ನಿಮ್ಮ ಮೌನ ನ್ಯಾಯವಾದದ್ದು. ನಿಮ್ಮನ್ನು ಇನ್ನು ಕಾಡುವುದಿಲ್ಲ.

ಸ್ಫೂರ್ತಿ


ಯಲ್ಲಾಪುರ
ನವೆಂಬರ್ 3, 2024

ಸ್ಫೂರ್ತಿ,

ನ್ಯಾಯ ಅಲ್ಲ, ಹೆದರಿಕೆ. ನೀವು ಅದನ್ನು ಮರ್ಯಾದೆಯಿಂದ ಮೌನ ಎಂದು ಕರೆದಿರಿ.

ನಿಮ್ಮ ಸೆಪ್ಟೆಂಬರಿನ ಪತ್ರವನ್ನು ಮೊದಲ ಸಲ ಓದಿದಾಗ ಸಿಟ್ಟಿನಲ್ಲಿ ವಾರ್ನಿಶ್ ಡಬ್ಬಿ ಬೀಳಿಸಿದೆ. ದ್ಯಾಮಪ್ಪನವರು ಬಂದು ನೆಲ ಒರೆಸಿದರು. ನೀವು ನನ್ನ ಮದುವೆಯನ್ನು ಮುರಿದದ್ದು ನೀತಿಗಾಗಿ ಎಂದು ತಿಳಿದಿದ್ದಾಗ ನಿಮ್ಮ ಮೇಲೆ ನನಗೆ ಅಂಥ ಸಿಟ್ಟು ಇರಲಿಲ್ಲ. ಹುಚ್ಚು ಹುಡುಗಿ ಎಂದುಕೊಂಡಿದ್ದೆ. ಬೇಕೆಂದೇ ಮಡಚಿದ್ದು ಎಂದು ತಿಳಿದಾಗಲೇ ನಿಜವಾದ ಸಿಟ್ಟು ಬಂದದ್ದು. ಸುಮಾರು ಹತ್ತು ದಿನ ಇತ್ತು. ಆಮೇಲೆ ಬೇರೊಂದು ಶುರುವಾಯಿತು, ಅದು ಸಿಟ್ಟಿಗಿಂತ ಕಷ್ಟದ್ದು. ಇಷ್ಟೊಂದು ನಿಜ ಹೇಳಿದವರಿಗೆ ನಾನು ಸುಳ್ಳು ಹೇಳಿದ್ದೆ.

ಕುಡಿತ ಬಿಟ್ಟು ಮೂರು ವರ್ಷ ತುಂಬಿತು ಎಂದು ಜುಲೈಯಲ್ಲಿ ಬರೆದೆ. ತುಂಬಿದ್ದು ಆರು ತಿಂಗಳು.

ಆ ಆದಿತ್ಯವಾರ ಆರಾಧನೆ ಮುಗಿಯುವ ಮೊದಲೇ ಹೊರಗೆ ಬಂದು, ಮಧ್ಯಾಹ್ನಕ್ಕೆ ಕುಡಿದೆ. ನಾಲ್ಕು ದಿನ ಕುಡಿದೆ. ಶಿಬಿರದ ಕಾಲದಿಂದ ಪರಿಚಯವಿದ್ದ ದ್ಯಾಮಪ್ಪನವರು ಹುಡುಕಿಕೊಂಡು ಬಂದಾಗ ಮುಂಡಗೋಡದ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿದ್ದೆ. ಅವರು ಉಪದೇಶ ಮಾಡಲಿಲ್ಲ. "ಏಳೋ, ಅಂಗಡ್ಯಾಗ ಆರು ಮೋಟಾರ್ ಸುಟ್ಟು ಕುಂತಾವ. ನಿನ್ನ ದುಃಖ ಆಮ್ಯಾಲೆ ನೋಡೂಣು" ಎಂದು ಎಬ್ಬಿಸಿ ಜೀಪಿನಲ್ಲಿ ಕೂರಿಸಿದರು. ಅಲ್ಲಿಂದ ಇಲ್ಲಿ.

ನಿಮಗೆ ಇದನ್ನು ಹೇಳದೆ ಇದ್ದದ್ದು ನಿಮ್ಮ ಮೇಲಿನ ಕರುಣೆಯಿಂದ ಎಂದು ತಿಳಿದಿದ್ದೆ. ಅಲ್ಲ. ಅನ್ಯಾಯಕ್ಕೆ ಒಳಗಾದ ಒಳ್ಳೆಯವನು ನಾನು, ತಪ್ಪು ಮಾಡಿದವರು ನೀವು. ಆ ಜಾಗ ನನಗೆ ಹಿತವಾಗಿತ್ತು. ನಾಲ್ಕು ದಿನದ ಕಥೆ ಹೇಳಿದರೆ ಆ ಜಾಗ ಹೋಗುತ್ತಿತ್ತು. ಬಾಟಲಿ ನನ್ನ ಕೈಗೆ ಕೊಟ್ಟವರು ನೀವಲ್ಲ. ಸಹಿ ಹಾಕಿದ್ದೂ ಸುಳ್ಳೇ. ಕ್ಷಮಿಸಿ ಹಾಕಿದ್ದಲ್ಲ, ನಿಮ್ಮ ಮುಂದೆ ದೊಡ್ಡವನಾಗಲು ಹಾಕಿದ್ದು.

ಈಗ ಹೇಳುತ್ತೇನೆ. ನೀವು ಮಾಡಿದ್ದು ನನಗೆ ಪೂರ್ತಿ ಗೊತ್ತು. ಚಿಕ್ಕದಲ್ಲ. ಅದನ್ನು ನಿಮ್ಮ ಮೇಲೆ ಹಿಡಿದಿಟ್ಟುಕೊಳ್ಳುವ ಆಸೆ ನನಗೆ ಇಲ್ಲ. ಬೆಳಿಗ್ಗೆ ಎದ್ದು ಹುಡುಕಿ ನೋಡಿದ್ದೇನೆ, ಒಂದಷ್ಟು ದಿನಗಳಿಂದ ಇಲ್ಲ. ಮತ್ತೆ ಯಾವತ್ತಾದರೂ ತಲೆಯೆತ್ತಿದರೆ ನಿಮಗೆ ಹೇಳುತ್ತೇನೆ, ಮುಚ್ಚಿಡುವುದಿಲ್ಲ.

ನಾಲ್ಕನೆಯ ಪುಟ ಬರೆದವನು ನಾನೇ. ಆದರೆ ಆ ಪುಟದಷ್ಟು ಒಳ್ಳೆಯವನಲ್ಲ. ಬಿಟ್ಟು ಒಂಬತ್ತು ತಿಂಗಳಾಗಿದೆ. ಹತ್ತನೆಯ ತಿಂಗಳ ಬಗ್ಗೆ ಮಾತು ಕೊಡಲಾರೆ. ಇದನ್ನು ತಿಳಿದ ಮೇಲೂ ನಿಮಗೆ ನನ್ನನ್ನು ನೋಡಬೇಕು ಅನ್ನಿಸಿದರೆ, ಶನಿವಾರ ಅಂಗಡಿ ಅರ್ಧ ದಿನ. ಇಲ್ಲಿಯ ಬಸ್ ನಿಲ್ದಾಣಕ್ಕೆ ಬಂದು ಕಾಯುತ್ತೇನೆ. ಅನ್ನಿಸದಿದ್ದರೆ ಅದೂ ನನಗೆ ಅರ್ಥವಾಗುತ್ತದೆ.

ನಂಬರ್ ಬ್ಲಾಕ್ ತೆಗೆದಿದ್ದೇನೆ. ಆದರೂ ಪತ್ರವನ್ನೇ ಬರೆಯಿರಿ. ಅದಕ್ಕೆ ಕಾಯುವುದು ರೂಢಿಯಾಗಿದೆ.

ಉಲ್ಲಾಸ


ಶಿರಸಿ
ನವೆಂಬರ್ 12, 2024

ಉಲ್ಲಾಸ,

ಸುಳ್ಳು ಹೇಳಿದ್ದಕ್ಕೆ ಸಿಟ್ಟು ಬಂತು. ನಿಮಗಿಂತ ನನಗೆ ಹೆಚ್ಚು ಬರುತ್ತದೆ, ನಿಮಗೆ ಗೊತ್ತೇ ಇದೆ. ಎರಡು ದಿನ ಊಟದ ತಟ್ಟೆ ಕುಕ್ಕಿದೆ. ಮೂರನೆಯ ದಿನ ಆ ನಾಲ್ಕು ದಿನಗಳ ಬಗ್ಗೆ ಯೋಚಿಸಿದೆ. ಮುಂಡಗೋಡದ ಬಸ್‌ಸ್ಟ್ಯಾಂಡ್ ನಾನು ನೋಡಿದ್ದೇನೆ, ಬೆಂಚುಗಳು ಎಷ್ಟು ಸಣ್ಣವು ಎಂದು ಗೊತ್ತು. ಅಳು ಬಂತು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಟೀಚರಿಗೆ ನಲವತ್ತು ವರ್ಷ ಹಿಡಿದದ್ದು ನನಗೆ ಮೂರು ದಿನದಲ್ಲಿ ಬಂತು ಎಂದರೆ ಅದು ನನ್ನ ದೊಡ್ಡತನ ಅಲ್ಲ. ನನ್ನದೇ ಇಷ್ಟು ದೊಡ್ಡದಿರುವಾಗ ನಿಮ್ಮದನ್ನು ಹಿಡಿದುಕೊಂಡು ಕೂರಲು ಕೈ ಖಾಲಿ ಇರಲಿಲ್ಲ.

ಅಮ್ಮನಿಗೆ ಎಲ್ಲ ಹೇಳಿದೆ. ಹುರುಳಿ ಆರಿಸುತ್ತಿದ್ದಳು. ನಾನು ಮಾತು ಮುಗಿಸುವ ತನಕ ತಲೆಯೆತ್ತಲಿಲ್ಲ. ಆಮೇಲೆ ಒಂದೇ ಕೇಳಿದಳು.

"ಅವ ಮತ್ತೆ ಬಿದ್ರೆ?"

ಹೆಂಡದ ಬಗ್ಗೆ ಹನ್ನೆರಡು ಕರಪತ್ರ ನನಗೆ ಬಾಯಿಪಾಠ ಇದೆ, ಉಲ್ಲಾಸ. ಅಂಕಿ ಸಂಖ್ಯೆಯ ಸಮೇತ. ಒಂದೂ ನೆನಪಾಗಲಿಲ್ಲ.

"ಗೊತ್ತಿಲ್ಲ ಅಮ್ಮ" ಎಂದೆ.

ಅಮ್ಮ ಮೊರವನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಹುಟ್ಟಿದಂದಿನಿಂದ ನನ್ನ ಬಾಯಲ್ಲಿ ಆ ಮಾತು ಅವಳು ಕೇಳಿರಲಿಲ್ಲ ಅನ್ನಿಸುತ್ತದೆ.

"ಹಾಗಾದ್ರೆ ಹೋಗಿ ಬಾ" ಎಂದಳು. "ಗೊತ್ತಿದೆ ಅಂದಿದ್ರೆ ಕಳಿಸ್ತಿರ್ಲಿಲ್ಲ."

ಶನಿವಾರ ಬೆಳಿಗ್ಗೆ ಹನ್ನೊಂದೂವರೆಯ ಯಲ್ಲಾಪುರ ಬಸ್ಸಿಗೆ ಹೊರಡುತ್ತೇನೆ.

ಸ್ಫೂರ್ತಿ